ಮುಟ್ಟದೆ ಅಳೆಯುವುದು: ಮೊಸರು, ಗೊಂಪು, ಬಂಗಡೆ ಕಣ್ಣಿನ ಮೇಲೆ ಬೆಳಕಿನ ಮೂರು ವಿಧಾನ

ಮೊಸರು ಕಟ್ಟಿದೆಯೋ ಇಲ್ಲವೋ ನೋಡಲು ಪಾತ್ರೆ ಓರೆ ಮಾಡುತ್ತೇವೆ. ಇಶಾಡ ಮಾವು ಹಣ್ಣಾಯಿತೇ ಎಂದು ಹೆಬ್ಬೆರಳಿನಿಂದ ಒತ್ತುತ್ತೇವೆ. ಎರಡರಲ್ಲೂ ತೊಂದರೆ ಒಂದೇ, ನೋಡಿದ್ದಕ್ಕೇ ವಸ್ತು ಕೆಡುತ್ತದೆ. ಅರೆಬರೆ ಕಟ್ಟಿದ ಮೊಸರು ಅಲುಗಿದರೆ ಒಡೆದು ನೀರು ಬಿಡುತ್ತದೆ. ಒತ್ತಿದ ಮಾವು ಆ ಜಾಗದಲ್ಲಿ ಕಪ್ಪಾಗುತ್ತದೆ. ಜೀವಕೋಶ, ಕಣ್ಣಿನ ಮಸೂರ, ರಕ್ತದ ಹೆಪ್ಪು ಮುಂತಾದವನ್ನಂತೂ ಒತ್ತಿ ನೋಡುವ ಮಾತೇ ಇಲ್ಲ. ಅದಕ್ಕೇ ಬೆಳಕು ಬಿಟ್ಟು, ಅದು ಚದುರಿ ಬರುವ ರೀತಿಯಿಂದ ವಸ್ತು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಲೆಕ್ಕ ಹಾಕುವ ವಿಧಾನಗಳು ಹುಟ್ಟಿಕೊಂಡಿವೆ.

ನಾನು ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುವವನು, ಮನೆ ಶಿರಸಿ ಕಡೆ. ಮೂರು ವಿಧಾನಗಳನ್ನು ಕೈಯಾರೆ ಮಾಡಿ ನೋಡುವ ಅವಕಾಶ ಸಿಕ್ಕಿತು. ಲೇಸರ್ ಸ್ಪೆಕಲ್ ನಮ್ಮ ಕಾಲೇಜಿನಲ್ಲೇ ಆಯಿತು. ಡೈನಮಿಕ್ ಲೈಟ್ ಸ್ಕ್ಯಾಟರಿಂಗ್, ಅಂದರೆ ಡಿಎಲ್ಎಸ್, ಮತ್ತು ಬ್ರಿಲ್ವಾ ಸೂಕ್ಷ್ಮದರ್ಶಕ ಎರಡೂ ಹಳೆಯ ಸಹಪಾಠಿಯೊಬ್ಬ ಕೆಲಸ ಮಾಡುವ ದೂರದ ಪ್ರಯೋಗಾಲಯದಲ್ಲಿ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಮೂರೂ 'ಗಟ್ಟಿತನ' ಎಂದು ಕೊಡುವ ಸಂಗತಿ ಒಂದೇ ಅಲ್ಲ. ಅತಿ ದುಬಾರಿಯಾದದ್ದರ ಅಂಕಿಯೇ ನಮ್ಮ ಬೆರಳಿನ ಅನುಭವದಿಂದ ಅತಿ ದೂರ.

ಮೊದಲು ಸ್ಪೆಕಲ್. ಲೇಸರ್ ಬೆಳಕು ಹಾಲಿನ ಲೋಟಕ್ಕೆ ಬಿದ್ದರೆ ಹಿಂದಕ್ಕೆ ಚದುರಿ ಬರುವ ಬೆಳಕು ಒಂದಕ್ಕೊಂದು ಕೂಡಿ ಕಳೆದು ಮರಳು ಮರಳಾದ ಕಪ್ಪು-ಬಿಳುಪು ಚುಕ್ಕೆಗಳನ್ನು ಮಾಡುತ್ತದೆ. ಹಾಲಿನೊಳಗಿನ ಕೇಸಿನ್ ಕಣ, ಕೊಬ್ಬಿನ ಹನಿಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲವಾದ್ದರಿಂದ ಆ ಚುಕ್ಕೆಗಳು ಕುದಿಯುತ್ತಲೇ ಇರುತ್ತವೆ. ಹಾಲು ಮೊಸರಾಗುತ್ತ ಬಂದಂತೆ ಕಣಗಳು ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ, ಕುದಿತ ನಿಧಾನವಾಗುತ್ತದೆ. ಇಷ್ಟೇ ತತ್ವ.

ಸಾಮಾನೂ ಅಷ್ಟೇ. ಗ್ರೇಟಿಂಗ್ ಪ್ರಯೋಗಕ್ಕೆಂದು ಲ್ಯಾಬಿನಲ್ಲಿದ್ದ ಕೆಂಪು ಹೀಲಿಯಂ-ನಿಯಾನ್ ಲೇಸರ್, ಮಸೂರ ಕಳಚಿದ ಹಳೆಯ ವೆಬ್‌ಕ್ಯಾಮ್, ಒಂದು ಪೋಲರಾಯ್ಡ್ ತುಂಡು. ವಸ್ತುವಿನ ಮೇಲೆ ಬೆಳಕಿನ ಕಲೆ 5 ಮಿಲಿಮೀಟರ್ ಅಗಲವಿದ್ದು ಕ್ಯಾಮೆರಾ 20 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಚುಕ್ಕೆ ಸುಮಾರು 25 ಮೈಕ್ರೊಮೀಟರ್ ಆಗುತ್ತದೆ. ವೆಬ್‌ಕ್ಯಾಮಿನ ಪಿಕ್ಸೆಲ್ ಅದಕ್ಕಿಂತ ಎಷ್ಟೋ ಸಣ್ಣದು, ಹಾಗಾಗಿ ಚುಕ್ಕೆ ಸ್ಪಷ್ಟ ಕಾಣುತ್ತದೆ. ಪೋಲರಾಯ್ಡ್ ಯಾಕೆಂದರೆ, ಹಾಲಿನೊಳಗೆ ಹಲವು ಸಲ ಚದುರಿದ ಬೆಳಕು ತನ್ನ ಧ್ರುವೀಕರಣ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ, ಕಳೆದುಕೊಂಡಿರುತ್ತದೆ. ತುಂಡು ಇಡದಿದ್ದರೆ ಎಷ್ಟು ನಿಶ್ಚಲವಾದ ವಸ್ತುವಿಟ್ಟರೂ ಚುಕ್ಕೆಗಳ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರದ ಅಳತೆ) 0.7ರ ಆಚೆ ಹೋಗದು. ಆಟೋ ಎಕ್ಸ್‌ಪೋಶರ್ ಬಂದ್ ಮಾಡುವುದು ಕಡ್ಡಾಯ.

ಹಸಿ ಹಾಲಿನಲ್ಲಿ ಚುಕ್ಕೆಗಳು ಮಿಲಿಸೆಕೆಂಡಿಗಿಂತ ಬೇಗ ಬದಲಾಗುತ್ತವೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಅದು ಹಿಡಿಯಲಾಗದ ವೇಗ. ಚಿತ್ರ ಬರೇ ಬೂದು. ಆದರೆ ಆ ಬೂದು ಬಣ್ಣವೇ ಅಳತೆ. ಪ್ರತಿ ಚಿತ್ರದ ಕಾಂಟ್ರಾಸ್ಟ್ ಲೆಕ್ಕ ಹಾಕಿ ಗ್ರಾಫ್ ಬರೆದರೆ, ಹೆಪ್ಪು ಹಾಕಿದ ಹಾಲು ಬಹಳ ಹೊತ್ತು ಕೆಳಗೇ ಮಲಗಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೇರುತ್ತದೆ, ಕೊನೆಗೆ ಸಮತಟ್ಟಾಗುತ್ತದೆ. ಏರುವ ಆ ತಿರುವೇ ಬಲೆ ಹೆಣೆಯುವ ಹೊತ್ತು. ಕಾಯಿಸಿದ ಹಾಲಿನಲ್ಲಿ ಇದು ಪಿಎಚ್ 5ರ ಸ್ವಲ್ಪ ಮೇಲೆಯೇ ಶುರುವಾಗಿ, ಕೇಸಿನ್ನಿನ ವಿದ್ಯುದಂಶ ಸೊನ್ನೆಯಾಗುವ 4.6ರ ಹತ್ತಿರ ಬಂದಾಗ ಮೊಸರು ಗಟ್ಟಿಯಾಗಿ ನಿಂತಿರುತ್ತದೆ. ಕಾರವಾರದ ಏಪ್ರಿಲ್ ಸೆಕೆಗೂ ಶಿರಸಿಯ ಡಿಸೆಂಬರ್ ಚಳಿಗೂ ಈ ತಿರುವಿನ ಹೊತ್ತು ಎಷ್ಟು ಸರಿಯುತ್ತದೆ ಎನ್ನುವುದನ್ನು ಗ್ರಾಫಿನಲ್ಲಿ ನೋಡುವುದೇ ಒಂದು ಖುಷಿ. ಊರಲ್ಲಿ ರಾತ್ರಿ ಅಡುಗೆಮನೆಯಲ್ಲಿ ಇದನ್ನೆಲ್ಲ ಹೂಡಿಕೊಂಡು ಕೂತಿದ್ದಾಗ ಆಯಿ ಬಂದು, "ಮೊಸರಿಗೆ ಬ್ಯಾಟರಿ ಬಿಟ್ಟು ಎಂತ ನೋಡ್ತೆ ತಮಾ?" ಎಂದು ಕೇಳಿದಳು. ಗ್ರಾಫ್ ತೋರಿಸಿದೆ. "ಬೆಳಗಾದ್ರೆ ಗೊತ್ತಾಗ್ತು" ಎಂದು ಹೋಗಿ ಮಲಗಿದಳು.

ಲೋಟವನ್ನು ಮೇಲಿನಿಂದ ನೋಡಬಾರದು, ಕೆನೆ ಮೊದಲೇ ಪದರ ಕಟ್ಟಿ ಮೋಸ ಮಾಡುತ್ತದೆ. ಪಕ್ಕದ ಗಾಜಿನಿಂದ ನೋಡಬೇಕು. ಫ್ಯಾನ್ ಆರಿಸಲೇಬೇಕು. ಹಾಗೆಯೇ ಕಾರವಾರದಲ್ಲಿ ಹಗಲು ಹೊತ್ತು ಈ ಕೆಲಸ ಬೇಡ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಂಟೇನರ್ ಲಾರಿ ಹೋದರೆ ಕಟ್ಟಿದ ಮೊಸರೂ ಗ್ರಾಫಿನಲ್ಲಿ ಹಾಲಾಗಿಬಿಡುತ್ತದೆ. ಮರಳು ತುಂಬಿದ ಡಬ್ಬಿಯ ಮೇಲೆ ಲೋಟ ಕೂರಿಸಿ, ರಾತ್ರಿ ಅಳೆದರೆ ಕಾಟ ಕಡಿಮೆ.

ಸ್ಪೆಕಲ್‌ನ ದೊಡ್ಡ ಕೊರತೆ, ಅದು ಗಟ್ಟಿತನ ಅಳೆಯುವ ಮಾನವಾದ ಪಾಸ್ಕಲ್‌ನಲ್ಲಿ ಅಂಕಿ ಕೊಡುವುದಿಲ್ಲ. ಕಣಗಳು ನಿಧಾನವಾದದ್ದು ದ್ರವ ದಪ್ಪವಾಗಿಯೋ, ಬಲೆ ಕಟ್ಟಿಯೋ ಎಂದು ಈ ಕ್ಯಾಮೆರಾ ಬೇರ್ಪಡಿಸಿ ಹೇಳದು. ಕಣದ ಗಾತ್ರ, ವಸ್ತುವಿನೊಳಗೆ ಬೆಳಕು ಸುತ್ತಿ ಬಂದ ದೂರ ಇವೆರಡೂ ಗೊತ್ತಿದ್ದು, ಮೈಕ್ರೊಸೆಕೆಂಡಿನ ವೇಗವೂ ಇದ್ದರೆ ಆಗುತ್ತದೆ. 1980ರ ದಶಕದ ಕೊನೆಯಲ್ಲಿ ಬಂದ ಡಿಫ್ಯೂಸಿಂಗ್ ವೇವ್ ಸ್ಪೆಕ್ಟ್ರೋಸ್ಕೋಪಿ ಅದೇ. ಆದರೆ 'ಯಾವಾಗ ಬದಲಾಯಿತು' ಎನ್ನುವುದೇ ಪ್ರಶ್ನೆಯಾದಾಗ ಅಂಕಿಯ ಹಂಗೇ ಬೇಡ. ಸೀಮಂತಿನಿ ನಾಡಕರ್ಣಿ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಇದೇ ಸ್ಪೆಕಲ್ ಬದಲಾಗುವ ವೇಗದಿಂದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ತುಂಬಿದ ಮೆತ್ತನೆಯ ಜಾಗ ಯಾವುದು, ನಾರುಗಟ್ಟಿದ ಜಾಗ ಯಾವುದು ಎಂದು ಬೇರ್ಪಡಿಸಿ ತೋರಿಸಿದರು. ತತ್ವದ ಮಟ್ಟಿಗೆ ನನ್ನ ಮೊಸರಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಡಿಎಲ್ಎಸ್ ಇದರ ಶಿಸ್ತಿನ ಅಣ್ಣ. ಇಲ್ಲಿ ವಸ್ತು ತಿಳಿಯಾಗಿರಬೇಕು; ಬೆಳಕು ಒಂದೇ ಸಲ ಚದುರಬೇಕು. ಅದಕ್ಕೆ ನಾನು ಒಯ್ದದ್ದು ದಾಸವಾಳದ ಎಲೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದು, ಅಲ್ಲೇ ನೀರಲ್ಲಿ ಕಿವುಚಿ ಗೊಂಪು, ಅಂದರೆ ಲೋಳೆ, ಮಾಡಿದೆ. ತಲೆಗೆ ಹಚ್ಚುವ ಗೊಂಪಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಕಾದು ಕೂತದ್ದನ್ನು ನೋಡಿ ಅಲ್ಲಿಯ ಸಂಶೋಧನಾ ವಿದ್ಯಾರ್ಥಿಗಳು ನಕ್ಕರು.

ಗೊಂಪಿಗೆ ಅರ್ಧ ಮೈಕ್ರೊಮೀಟರ್ ಅಗಲದ ಪಾಲಿಸ್ಟೈರೀನ್ ಮಣಿಗಳನ್ನು ಬಹಳ ತೆಳುವಾಗಿ ಬೆರೆಸುತ್ತಾರೆ. ಮಣಿಯ ಗಾತ್ರ ಗೊತ್ತಿರುವುದರಿಂದ ಅದು ಅಲೆಯುವ ವೇಗದಿಂದ ಸುತ್ತಲಿನ ದ್ರವದ ಗುಣ ತಿಳಿಯುತ್ತದೆ. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 25 ಡಿಗ್ರಿಯ ನೀರಿನಲ್ಲಿ ಇಂಥ ಮಣಿಯ ವಿಸರಣಾಂಕ (ಅಲೆದು ಹರಡುವ ವೇಗದ ಅಳತೆ) ಸೆಕೆಂಡಿಗೆ ಸುಮಾರು 1 ಚದರ ಮೈಕ್ರೊಮೀಟರ್. 1995ರಲ್ಲಿ ಮೇಸನ್ ಮತ್ತು ವೈಟ್ಜ್ ಇದನ್ನೇ ಹಿಗ್ಗಿಸಿ, ಅರ್ಧ ದ್ರವ ಅರ್ಧ ರಬ್ಬರ್ ಸ್ವಭಾವದ ವಸ್ತುಗಳಿಗೂ ಒಗ್ಗಿಸಿದರು. ಗೊಂಪಿನಲ್ಲಿ ಮಣಿ ನೀರಿಗಿಂತ ಹಲವು ಪಟ್ಟು ನಿಧಾನ ಎನ್ನುವುದು ನಿರೀಕ್ಷೆಯದೇ. ನನಗೆ ಹಿಡಿಸಿದ್ದು ವಕ್ರರೇಖೆಯ ಆಕಾರ. ಅತಿ ಚಿಕ್ಕ ಕಾಲದಲ್ಲಿ ಮಣಿ ಸ್ಪ್ರಿಂಗಿಗೆ ಕಟ್ಟಿದಂತೆ ಇದ್ದಲ್ಲೇ ಮಿಡುಕುತ್ತದೆ, ಹೊತ್ತು ಕಳೆದ ಮೇಲೆ ಹರಿಯುತ್ತದೆ. ಗೊಂಪನ್ನು ಬೆರಳಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆ ಬರುವುದು ಈ ಸ್ವಭಾವದಿಂದಲೇ. ಸ್ಪೆಕಲ್ ಇಂಥ ವಿವರವನ್ನು ಕೊಟ್ಟಿರಲಿಲ್ಲ.

ಆದರೆ ಸೋಸುವ ಕಷ್ಟ ಕೇಳಬೇಡಿ. ತೀರ ಸಣ್ಣ ಕಣಗಳು ಚದುರಿಸುವ ಬೆಳಕು ಗಾತ್ರದ ಆರನೆಯ ಘಾತಕ್ಕೆ ಅನುಗುಣ. ಹತ್ತು ಪಟ್ಟು ದೊಡ್ಡ ಕಣ ಹತ್ತು ಲಕ್ಷ ಪಟ್ಟು ಬೆಳಕು ಚೆಲ್ಲುತ್ತದೆ. ಎಲೆಯ ಒಂದು ಚೂರು ಉಳಿದರೂ ಮಣಿಗಳ ಸದ್ದು ಅಡಗಿ ಅದೊಂದೇ ಮಾತಾಡುತ್ತದೆ. ಬಟ್ಟೆಯಲ್ಲಿ ಸೋಸಿದರೆ ಸಾಲದು, ಸಿರಿಂಜ್ ಫಿಲ್ಟರಿನಲ್ಲಿ ಗೊಂಪು ಇಳಿಯುವುದೇ ಇಲ್ಲ. ಕೊನೆಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆಯಬೇಕಾಯಿತು. ಅಳತೆ ಕೆಲವೇ ನಿಮಿಷದ್ದು, ತಯಾರಿಗೆ ಅರ್ಧ ದಿನ.

ಬ್ರಿಲ್ವಾ ವಿಧಾನ ಬೇರೆಯದೇ ಜಾತಿ. ಕಣ ಅಲೆಯುವುದನ್ನು ಅದು ನೋಡುವುದಿಲ್ಲ. ಯಾವ ವಸ್ತುವಿನಲ್ಲಾದರೂ ಶಾಖದಿಂದಾಗಿಯೇ ಅತಿ ಸೂಕ್ಷ್ಮ ಶಬ್ದದ ಅಲೆಗಳು ಓಡಾಡುತ್ತಿರುತ್ತವೆ. ಅವುಗಳಿಂದ ಚದುರಿದ ಬೆಳಕಿನ ಆವೃತ್ತಿ ತುಸು ಸರಿಯುತ್ತದೆ. ಲಿಯೋನ್ ಬ್ರಿಲ್ವಾ 1922ರಲ್ಲಿ ಹೀಗಾಗುತ್ತದೆ ಎಂದ, ಮಾಂಡೆಲ್‌ಸ್ಟಾಮ್ ಸ್ವತಂತ್ರವಾಗಿ 1926ರಲ್ಲಿ ಅದನ್ನೇ ಪ್ರಕಟಿಸಿದ, 1930ರಲ್ಲಿ ಗ್ರಾಸ್ ಪ್ರಯೋಗದಲ್ಲಿ ಕಂಡ. 532 ನ್ಯಾನೊಮೀಟರ್ ಹಸಿರು ಬೆಳಕು ನೀರಿನಿಂದ ನೇರ ಹಿಂದಕ್ಕೆ ಬಂದಾಗ ಸರಿಯುವುದು ಸುಮಾರು 7.5 ಗಿಗಾಹರ್ಟ್ಜ್, ಅಂದರೆ ಆ ಬೆಳಕಿನ ಆವೃತ್ತಿಯಲ್ಲಿ ಎಪ್ಪತ್ತೈದು ಸಾವಿರಕ್ಕೊಂದು ಪಾಲು. ಇಷ್ಟನ್ನು ಬೇರ್ಪಡಿಸಲು ಹಿಂದೆ ಫ್ಯಾಬ್ರಿ-ಪೆರೋ ಉಪಕರಣಗಳಿಗೆ ಬಹಳ ಹೊತ್ತು ಬೇಕಿತ್ತು. ಸ್ಕಾರ್ಚೆಲ್ಲಿ ಮತ್ತು ಯುನ್ 2008ರಲ್ಲಿ ವೈಪಾ ಎಂಬ ಗಾಜಿನ ಫಲಕ ಬಳಸಿ ಇದನ್ನು ಒಂದೊಂದೇ ಬಿಂದುವನ್ನು ನೋಡುವ ಕಾನ್‌ಫೋಕಲ್ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಮೇಲೆ ಜೀವವಸ್ತುಗಳ ಒಳಗಿನ ನಕ್ಷೆಯೇ ತೆಗೆಯಲು ಬಂತು.

ಇದಕ್ಕೆ ನಾನು ಒಯ್ದದ್ದು ಬಂಗಡೆಯ ಕಣ್ಣು. ಬಂಗಡೆ ಸಾರು ಉಂಡವರಿಗೆ ಕಣ್ಣಿನೊಳಗಿನ ಬಿಳಿ ಗುಂಡು ಗೊತ್ತು; ಬೇಯುವ ಮೊದಲು ಅದು ಸ್ಫಟಿಕದಷ್ಟು ತಿಳಿ. ನಮ್ಮ ಮನೆಯಲ್ಲಿ ಮೀನು ಒಳಗೆ ಬರುವ ಹಾಗಿಲ್ಲ, ಹಾಗಾಗಿ ಕಾರವಾರದ ಸಹೋದ್ಯೋಗಿಯ ಮನೆಯಲ್ಲೇ ಮಸೂರ ಬಿಡಿಸಿ, ಉಪ್ಪುನೀರಿನ ದ್ರಾವಣದಲ್ಲಿಟ್ಟು, ಥರ್ಮಾಸಿನಲ್ಲಿ ರಾತ್ರಿ ಬಸ್ಸಿಗೆ ಒಯ್ದೆ. ಮಸೂರದ ಅಂಚಿನಿಂದ ನಡುವಿಗೆ ಹೋದಂತೆ ಗಿಗಾಹರ್ಟ್ಜ್ ಅಂಕಿ ಏರುತ್ತ ಹೋಗುವುದು ತೆರೆಯ ಮೇಲೆ ಬಣ್ಣಬಣ್ಣವಾಗಿ ಮೂಡಿತು. ಕೊಯ್ಯದೆ, ಒತ್ತದೆ, ಒಳಗಿನ ನಕ್ಷೆ! ಉಳಿದೆರಡು ವಿಧಾನಗಳಿಗೆ ಇದು ಕನಸಿನಲ್ಲೂ ಆಗದು. ಒಂದು ಬಿಂದುವಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಹಿಡಿದರೂ ನೂರಕ್ಕೆ ನೂರರ ನಕ್ಷೆಗೆ ಕಾಲು ಗಂಟೆಯ ಮೇಲೆ ಬೇಕು, ಅದೇನೂ ಹೆಚ್ಚಲ್ಲ.

ಇನ್ನು ಅನುಮಾನದ ಮಾತು. ಸರಿದ ಆವೃತ್ತಿಯಿಂದ ಶಬ್ದದ ವೇಗ ತೆಗೆಯಲು ವಕ್ರೀಭವನಾಂಕ ಬೇಕು, ಅದರಿಂದ ಮಾಡ್ಯುಲಸ್ (ಹಿಂಡಿದಾಗ ಒಡ್ಡುವ ಪ್ರತಿರೋಧದ ಅಳತೆ) ತೆಗೆಯಲು ಸಾಂದ್ರತೆ ಬೇಕು. ಮೀನಿನ ಮಸೂರದಲ್ಲಿ ವಕ್ರೀಭವನಾಂಕವೇ ಅಂಚಿನಿಂದ ನಡುವಿಗೆ ಏರುತ್ತದೆ, ಅದರ ಕಸುಬೇ ಅದು. ಆದ್ದರಿಂದ ಆ ಬಣ್ಣದ ನಕ್ಷೆಯಲ್ಲಿ ಗಟ್ಟಿತನ ಎಷ್ಟು, ಬೆಳಕು ಬಾಗುವ ಗುಣ ಎಷ್ಟು ಎಂದು ಬಿಡಿಸಿ ನೋಡಬೇಕು. ಬಣ್ಣ ನೋಡಿ ಮರುಳಾಗುವ ಪೈಕಿ ನಾನೂ ಒಬ್ಬ, ಅದಕ್ಕೇ ಒಂದು ಜೋಡಿ ಪರೀಕ್ಷೆಯನ್ನೂ ಒಯ್ದಿದ್ದೆ.

ಅಂಗಡಿಯ ಚೈನಾಗ್ರಾಸಿನಿಂದ ಎರಡು ಜೆಲ್ಲಿ. ಒಂದು ನೂರಕ್ಕೆ ಒಂದು ಪಾಲು, ಇನ್ನೊಂದು ಎರಡು ಪಾಲು. ಬೆರಳಿಗೆ ವ್ಯತ್ಯಾಸ ಅಜಗಜಾಂತರ. ಊರಲ್ಲೇ ಅದರ ಮೇಲೆ ಒಂದು ರೂಪಾಯಿಯ ನಾಣ್ಯಗಳನ್ನು ಪೇರಿಸಿ, ಎಷ್ಟು ತಗ್ಗಿತು ಎಂದು ಕಾಲೇಜಿನ ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಹತ್ತು ನಾಣ್ಯ ಪೇರಿಸಿದರೆ ಸುಮಾರು ಒಂದು ಕಿಲೊಪಾಸ್ಕಲ್ ಒತ್ತಡ. ಸಣ್ಣ ಪಾಲಿನ ಜೆಲ್ಲಿ ಚೆನ್ನಾಗಿ ಕುಗ್ಗಿತು, ದೊಡ್ಡ ಪಾಲಿನದು ಕುಗ್ಗಿದ್ದು ಅತ್ಯಲ್ಪ. ನಾಲ್ಕೈದು ಹನಿ ಹಾಲು ಬೆರೆಸಿ ಸ್ಪೆಕಲ್ ಹಿಡಿದರೆ ಎರಡೂ ನಿಶ್ಚಲ, ವ್ಯತ್ಯಾಸವಿಲ್ಲ. ಡಿಎಲ್ಎಸ್‌ನಲ್ಲಿ ಮಣಿಗಳು ಬಲೆಯಲ್ಲಿ ಸಿಕ್ಕಿಬಿದ್ದು, ಟ್ಯೂಬನ್ನು ತುಸು ತಿರುಗಿಸಿದರೆ ಬೇರೆಯದೇ ರೇಖೆ ಬರುತ್ತಿತ್ತು. ಅನೇಕ ಜಾಗಗಳ ಸರಾಸರಿ ತೆಗೆಯದೆ ನಂಬುವ ಹಾಗಿಲ್ಲ. ಅದೂ ಮಿತಿಯೊಳಗೆ. 50 ಪಾಸ್ಕಲ್‌ನ ಮೆತ್ತನೆಯ ಬಲೆಯಲ್ಲಿ ಅಂಥ ಮಣಿ 10 ನ್ಯಾನೊಮೀಟರ್ ಮಿಡುಕುತ್ತದೆ, 5 ಕಿಲೊಪಾಸ್ಕಲ್ ಆದರೆ ಒಂದೇ ನ್ಯಾನೊಮೀಟರ್. ಬ್ರಿಲ್ವಾ? ಎರಡೂ ಜೆಲ್ಲಿಗೆ ಹೆಚ್ಚುಕಡಿಮೆ ಒಂದೇ ಅಂಕಿ, ಅದೂ ನೀರಿನ ಪಕ್ಕದಲ್ಲೇ. ಈ ಜೋಡಿಯ ಮಟ್ಟಿಗೆ ಗೆದ್ದದ್ದು ನಾಣ್ಯ.

ಕಾರಣ ಸ್ಪಷ್ಟ. ನಾಣ್ಯ ಒತ್ತಿದಾಗ ಜೆಲ್ಲಿ ಪಕ್ಕಕ್ಕೆ ಉಬ್ಬುತ್ತದೆ, ಆಕಾರ ಬದಲಿಸಲು ಬಲೆಯೊಂದೇ ಅಡ್ಡ. ಬ್ರಿಲ್ವಾ ನೋಡುವುದು ಪಕ್ಕಕ್ಕೆ ಉಬ್ಬಲು ಬಿಡದೆ, ಸೆಕೆಂಡಿಗೆ ನೂರಾರು ಕೋಟಿ ಸಲ ಹಿಂಡಿದಾಗ ಬರುವ ಪ್ರತಿರೋಧವನ್ನು. ಆ ಹಿಂಡಿಗೆ ಎದುರು ನಿಲ್ಲುವುದು ನೀರು. ನೀರಿನ ಆ ಮಾಡ್ಯುಲಸ್ 2.2 ಗಿಗಾಪಾಸ್ಕಲ್, ಇಂಥ ಜೆಲ್ಲಿಯ ಬೆರಳಿನ ಗಟ್ಟಿತನ ಹತ್ತಾರು ಕಿಲೊಪಾಸ್ಕಲ್. ನಡುವೆ ಲಕ್ಷ ಪಟ್ಟು ಅಂತರ. 2018ರಲ್ಲಿ ನೇಚರ್ ಮೆಥಡ್ಸ್‌ನಲ್ಲಿ ಇದೇ ತಕರಾರು ಬಂತು: ನೀರು ತುಂಬಿದ ವಸ್ತುಗಳಲ್ಲಿ ಬ್ರಿಲ್ವಾ ಅಂಕಿಯನ್ನು ಆಳುವುದು ನೀರಿನ ಪ್ರಮಾಣ, ಗಟ್ಟಿತನವಲ್ಲ ಎಂದು. ಸ್ಕಾರ್ಚೆಲ್ಲಿ, ಯುನ್ ಅದಕ್ಕೆ ಉತ್ತರಿಸಿದರು. ತಕರಾರಿನ ಪಕ್ಷದಲ್ಲಿ ನಾನಿದ್ದರೂ, ವಿಧಾನವನ್ನು ತಳ್ಳಿಹಾಕುವುದು ತಪ್ಪಾದೀತು. ಕೆರಟೋಕೋನಸ್ ರೋಗದಲ್ಲಿ ಕಾರ್ನಿಯಾ ಶಂಕುವಿನಂತೆ ಉಬ್ಬಿ ತೆಳುವಾಗುತ್ತದೆ. ಉಬ್ಬಿದ ಜಾಗದಲ್ಲಿ ಬ್ರಿಲ್ವಾ ಅಂಕಿ ತಗ್ಗಿರುವುದು ಕಂಡಿದೆ. ಅದೇ ಕಣ್ಣಿನ ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸುವಾಗ, ಮುಟ್ಟದೆ ಅಷ್ಟು ತಿಳಿಯುವುದು ಸಣ್ಣ ಲಾಭವಲ್ಲ.

ನಮ್ಮ ಕಡೆಯ ಕಾಲೇಜುಗಳಿಗೆ ನಾನು ಹೇಳುವುದು ಸ್ಪೆಕಲ್. ಲೇಸರ್ ಇದ್ದೇ ಇರುತ್ತದೆ, ಲೆಕ್ಕಕ್ಕೆ ಚಿತ್ರ ವಿಶ್ಲೇಷಿಸುವ ತಂತ್ರಾಂಶ ಇಮೇಜ್‌ಜೆ ಉಚಿತ. ಮೊಸರು, ಗಿಣ್ಣು, ಮಾವು ಮಾಗುವುದು, ಬೀಜ ಮೊಳೆಯುವುದು ಎಲ್ಲಕ್ಕೂ ಆಗುತ್ತದೆ. ಲೇಸರಿಗೆ ನೇರ ಕಣ್ಣು ಕೊಡದಂತೆ ಮಕ್ಕಳಿಗೆ ಗಟ್ಟಿಯಾಗಿ ಹೇಳಿದರಾಯಿತು. ಲೋಳೆ, ಗೊಂಪು, ಜೊಲ್ಲು ಮೊದಲಾದ ತಿಳಿ ದ್ರವಗಳಿಗೆ ಡಿಎಲ್ಎಸ್ ಹುಡುಕಿಕೊಂಡು ಹೋಗುವುದು ಸಾರ್ಥಕ. ಯಂತ್ರಕ್ಕೆ ಹತ್ತಾರು ಲಕ್ಷ, ಕೊಳ್ಳುವುದಕ್ಕಿಂತ ಪರಿಚಯ ಬೆಳೆಸುವುದು ಮೇಲು. ಬ್ರಿಲ್ವಾಕ್ಕೆ ಹೋಗುವುದಿದ್ದರೆ ವಸ್ತು ತಿಳಿಯಾಗಿರಲಿ, ಅದರಲ್ಲಿ ನೀರೆಷ್ಟು ಎಂದು ಒಣಗಿಸಿ ತೂಗಿ ಮೊದಲೇ ಬರೆದುಕೊಂಡಿರಲಿ. ನಾನು ಮುಂದೆ ಬಂಗಡೆಯ ಪಕ್ಕದಲ್ಲಿ ದೊಡ್ಡ ಇಸೋಣ ಮೀನಿನ ಮಸೂರ ಇಟ್ಟು, ಎರಡರ ನೀರಿನಂಶವನ್ನೂ ತೂಗಿ ನೋಡಬೇಕೆಂದಿದ್ದೇನೆ. ಅದು ಆಗಸ್ಟ್ ಮೇಲೆಯೇ ಆಗಬೇಕು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಪೇಟೆಗೆ ಬರುವ ಐಸ್ ಮೀನಿನ ಕಣ್ಣು ಮಬ್ಬಾಗಿರುತ್ತದೆ.