ಎಸಿ ಗ್ಯಾಸ್ ರಿಕವರಿ ಮೆಷಿನ್: ಮಡಿಕೇರಿ ಗ್ಯಾರೇಜಿನಲ್ಲಿ ಕೆಲವು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಮೆಷಿನ್ ಒಳ್ಳೇದು. ಅದರ ಜೊತೆ ಕೊಡುವ ಪುಸ್ತಕ ಮಾತ್ರ ಬಯಲುಸೀಮೆಯವರಿಗೆ ಬರೆದದ್ದು.

ಕೊಡಗಿನ ಚಳಿಯಲ್ಲಿ ಕಾರಿಗೆ ಎಸಿ ಯಾಕೆ ಅನ್ನುವವರು ಜುಲೈಯಲ್ಲಿ ಒಮ್ಮೆ ಸಂಪಾಜೆ ಘಾಟಿ ಇಳಿದು ನೋಡಲಿ. ಗಾಜಿನ ಒಳಗೆ ಕಟ್ಟುವ ಮಂಜು ಹೋಗಬೇಕಾದರೆ ಎಸಿ ಹಾಕಲೇಬೇಕು. ನಮಗೆ ಎಸಿ ಕೆಲಸ ಬರೋದೇ ಹೆಚ್ಚಾಗಿ ಮಳೆಗಾಲದಲ್ಲಿ. ಅದಕ್ಕೇ ಆರ್-134ಎ ಗ್ಯಾಸ್ ಎಳೆದು, ಸೋಸಿ, ತೂಗಿ ವಾಪಸ್ ತುಂಬುವ ಈ ಸೆಮಿ-ಆಟೋಮ್ಯಾಟಿಕ್ ಮೆಷಿನ್ ತಂದೆವು. ಕೆಲವು ಹೊಸ ಕಾರುಗಳ 1234ವೈಎಫ್ ಗ್ಯಾಸಿಗೆ ಇದು ಆಗೋದಿಲ್ಲ, ಅದಕ್ಕೆ ಬೇರೆಯೇ ಮೆಷಿನ್ ಬೇಕು.

ದೊಡ್ಡ ತಲೆನೋವು ವ್ಯಾಕ್ಯೂಮ್ ಮೀಟರಿಂದು. ಗ್ಯಾಸ್ ತುಂಬುವ ಮೊದಲು ಎಸಿ ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ಎಳೆದು ತೆಗೆಯೋದೇ ವ್ಯಾಕ್ಯೂಮ್. ಮುಳ್ಳು 29 ಇಂಚು (ಪಾದರಸದ ಲೆಕ್ಕದಲ್ಲಿ) ತಲುಪಬೇಕು ಅಂತ ಪುಸ್ತಕದಲ್ಲಿದೆ. ನಮ್ಮಲ್ಲಿ 26ರ ಆಸುಪಾಸಿಗೆ ಬಂದು ನಿಂತುಬಿಡುತ್ತಿತ್ತು. ಸರ್ವಿಸ್‌ನವರಿಗೆ ಫೋನ್ ಮಾಡಿದರೆ "ಪಂಪ್ ಹೋಗಿದೆ ಸಾರ್, ಚೇಂಜ್ ಮಾಡಬೇಕು" ಅಂದರು. ರೇಟೂ ಹೇಳಿದರು! ಮಡಿಕೇರಿ ಇರೋದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಹೆಚ್ಚುಕಮ್ಮಿ 26 ಇಂಚು. ಇಲ್ಲದ್ದನ್ನು ಪಂಪ್ ಎಲ್ಲಿಂದ ಎಳೆಯಬೇಕು? ಅದೇ ಮೆಷಿನ್ ಪಿಕಪ್‌ನಲ್ಲಿ ಹಾಕಿಕೊಂಡು ಘಟ್ಟದ ಕೆಳಗಿನ ಸುಳ್ಯದ ಗೆಳೆಯರ ಶೆಡ್ಡಿಗೆ ಒಯ್ದೆ. ಮುಳ್ಳು ಸೀದಾ 29 ದಾಟಿತು. ಘಟ್ಟದ ಮೇಲಿನವರು ಒಂದು ಮೈಕ್ರಾನ್ ಗೇಜ್ ಇಟ್ಟುಕೊಳ್ಳಿ. ಅದು ಒಳಗೆ ಉಳಿದ ಒತ್ತಡವನ್ನೇ ಅಳೆಯುತ್ತದೆ, ಅದಕ್ಕೆ ಎತ್ತರದ ಲೆಕ್ಕ ಬೇಡ.

ಹಾಗಂತ ಪಂಪ್ ಕೆಡೋದೇ ಇಲ್ಲ ಅಂತಲ್ಲ. ಮಳೆಗಾಲದ ತೇವಕ್ಕೆ ಪಂಪಿನ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪಂಪ್ ಪೂರ್ತಿ ಎಳೆಯೋದಿಲ್ಲ. ಪಂಪ್ ಸ್ವಲ್ಪ ಹೊತ್ತು ಓಡಿಸಿ, ಆಯಿಲ್ ಬಿಸಿ ಇರುವಾಗಲೇ ಇಳಿಸಿ ಹೊಸದು ಹಾಕಿ. ವ್ಯಾಕ್ಯೂಮ್ ಮಾಡಿ ವಾಲ್ವ್ ಮುಚ್ಚಿದ ಮೇಲೆ ಒತ್ತಡ ಸ್ವಲ್ಪ ಏರಿ ನಿಂತರೆ ಒಳಗೆ ತೇವ ಇದೆ, ಇನ್ನೊಂದಿಷ್ಟು ಹೊತ್ತು ಎಳೆಯಬೇಕು. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಮೊದಲು ನಿಮ್ಮ ಕಪ್ಲರಿನ (ಮೆಷಿನ್ ಪೈಪನ್ನು ಕಾರಿಗೆ ಸಿಕ್ಕಿಸುವ ತುದಿ) ಓ-ರಿಂಗ್, ಅಂದರೆ ರಬ್ಬರ್ ಬಳೆ ನೋಡಿ, ಕಾರನ್ನು ಆಮೇಲೆ ಬಿಚ್ಚಿ.

ರಿಕವರಿ, ಅಂದರೆ ಕಾರಿನ ಗ್ಯಾಸ್ ಎಳೆಯುವಾಗ ಮಧ್ಯದಲ್ಲೇ ಹೈ ಪ್ರೆಶರ್ ಅಂತ ನಿಂತರೆ ಮೆಷಿನ್ನಿನ ಫ್ಯಾನು ತಿರುಗುತ್ತಿದೆಯಾ, ಟ್ಯಾಂಕು ಶೇಕಡ 80ರಷ್ಟು ತುಂಬಿದೆಯಾ ನೋಡಿ. ಫ್ಯಾನು ತಿರುಗುತ್ತಿದ್ದು, ಟ್ಯಾಂಕು ಅಷ್ಟು ತುಂಬಿಲ್ಲದಿದ್ದರೆ ಟ್ಯಾಂಕಿಗೆ ಗಾಳಿ ಸೇರಿರಬಹುದು. ಲೀಕ್ ಇರುವ ಕಾರಿನಿಂದ ಎಳೆದಾಗ ಹೀಗಾಗುತ್ತದೆ. ರಾತ್ರಿ ಆಫ್ ಮಾಡಿ ಬಿಟ್ಟು ಬೆಳಿಗ್ಗೆ ಗೇಜ್ ನೋಡೋದು ನಮ್ಮ ಕ್ರಮ. ಶೆಡ್ಡಿನಲ್ಲಿ 20 ಡಿಗ್ರಿ ಇದ್ದರೆ 4.8 ಬಾರ್ ಹತ್ತಿರ ಇರಬೇಕು. 6 ತೋರಿಸಿದರೆ ಗಾಳಿ, ಇಲ್ಲವೇ ಯಾರೋ ಹಿಂದೆ ತುಂಬಿದ ಕಲಬೆರಕೆ ಗ್ಯಾಸು. ಗಾಳಿಯಾದರೆ ಅದನ್ನು ಹೊರಬಿಡುವ ಪರ್ಜ್ ವಾಲ್ವ್ ನಿಧಾನಕ್ಕೆ ತೆರೆದು ಬಿಟ್ಟರಾಯಿತು. ಕಲಬೆರಕೆಗೆ ಔಷಧಿ ಇಲ್ಲ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು.

ಗ್ಯಾಸಿನ ತೂಕ ಅಳೆಯುವ ಲೋಡ್ ಸೆಲ್ ಸೂಕ್ಷ್ಮ. ಸಣ್ಣ ಕಾರಿಗೆ ಹಿಡಿಯೋದೇ 400 ಗ್ರಾಂ ಆಸುಪಾಸು, ಅದರಲ್ಲಿ 50 ಗ್ರಾಂ ಏರುಪೇರಾದರೆ ಕೂಲಿಂಗ್ ಗೊತ್ತಾಗುತ್ತದೆ. ಒಳ್ಳೆಮೆಣಸು ತೂಗುವ ಒಂದು ಕೆಜಿ ಬಟ್ಟು ಟ್ಯಾಂಕಿನ ಮೇಲಿಟ್ಟು ಆಗಾಗ ನೋಡ್ತೀವಿ. ಸ್ಟೆಬಿಲೈಸರ್ ಇಲ್ಲದೆ ಇಲ್ಲಿನ ಕರೆಂಟಿಗೆ ಬೋರ್ಡ್ ಉಳಿಯೋದಿಲ್ಲ.

ಮೆಷಿನ್ನಿಗೆ ಐದರಲ್ಲಿ ನಾಲ್ಕು, ಸರ್ವಿಸ್‌ಗೆ ಒಂದು. ತಗೊಳ್ಳೋದಾದರೆ ಫಿಲ್ಟರ್ ಡ್ರೈಯರ್ (ಗ್ಯಾಸಿನ ತೇವ ಹೀರುವ ಸೋಸುಕ) ಮತ್ತು ಪಂಪ್ ಆಯಿಲ್ ಜೂನ್‌ಗೆ ಮೊದಲೇ ತರಿಸಿಡಿ, ಡ್ರೈಯರಿನ ಮುಚ್ಚಳ ಮಾತ್ರ ಹಾಕುವ ದಿನದವರೆಗೂ ಬಿಚ್ಚಬೇಡಿ, ಬಿಚ್ಚಿದರೆ ಅದು ಹೊರಗಿನ ತೇವವನ್ನೇ ಹೀರಿಕೊಳ್ಳುತ್ತದೆ.