ಎನ್‌ಎಂಆರ್ ಬೇಕಾ, ಕ್ರಯೋ-ಇಎಂ ಬೇಕಾ?

ಪಾರ್ಕಿನ್ಸನ್ ಕಾಯಿಲೆಗೆ ನಂಟಿರುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಮೇಲೆ ಕೆಲಸ ಶುರು ಮಾಡುವವರು ಮೊದಲು ಕೇಳುವ ಪ್ರಶ್ನೆ ಇದೇ. ಎರಡೂ ಪ್ರೋಟೀನಿನ ರಚನೆ ನೋಡುವ ವಿಧಾನಗಳು: ಎನ್‌ಎಂಆರ್ ಬಲವಾದ ಕಾಂತಕ್ಷೇತ್ರದಲ್ಲಿ ಪರಮಾಣುಗಳು ಕೊಡುವ ಸಂಕೇತ ಓದುತ್ತದೆ, ಕ್ರಯೋ-ಇಎಂ ಹೆಪ್ಪುಗಟ್ಟಿಸಿದ ಪ್ರೋಟೀನನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತದೆ. ನಾನು ಹೇಳುವುದು ಇಷ್ಟೇ: ಪ್ರೋಟೀನ್ ಯಾವ ಸ್ಥಿತಿಯಲ್ಲಿದೆ ಅಂತ ಮೊದಲು ನೋಡಿ.

ಬಿಡಿಯಾಗಿ ನೀರಿನಲ್ಲಿರುವಾಗ ಈ 140 ಅಮೈನೋ ಆಮ್ಲಗಳ ಸರಪಳಿಗೆ ಇಂಥದ್ದೇ ಆಕಾರ ಅಂತ ಇಲ್ಲ. ಸದಾ ಅಲುಗಾಡುತ್ತಲೇ ಇರುತ್ತದೆ. ಕ್ರಯೋ-ಇಎಂ ಒಂದೇ ಥರದ ಲಕ್ಷಾಂತರ ಕಣಗಳ ಚಿತ್ರ ಸೇರಿಸಿ ಆಕಾರ ಕಟ್ಟುತ್ತದೆ, ಹಾಗಾಗಿ ಇಲ್ಲಿ ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಪ್ರೋಟೀನೂ ತೀರಾ ಚಿಕ್ಕದು. ಎನ್‌ಎಂಆರ್ ಗೆಲ್ಲುವುದು ಇಲ್ಲೇ. ನೈಟ್ರೋಜನ್-15 (ಎನ್‌ಎಂಆರ್‌ಗೆ ಚೆನ್ನಾಗಿ ಕಾಣುವ ನೈಟ್ರೋಜನ್ ಐಸೊಟೋಪ್) ಇರುವ ಅಮೋನಿಯಂ ಕ್ಲೋರೈಡ್ ಕೊಟ್ಟು ಈ ಪ್ರೋಟೀನ್ ತಯಾರಿಸುವ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿ, ಅದರಿಂದ ಶುದ್ಧ ಮಾಡಿದ ಪ್ರೋಟೀನನ್ನು 5 ಮಿಲಿಮೀಟರ್ ಗಾಜಿನ ಕೊಳವೆಗೆ ಹಾಕಿದರೆ, ಎಚ್‌ಎಸ್‌ಕ್ಯೂಸಿ ಎಂಬ ಎನ್‌ಎಂಆರ್ ಪಟದಲ್ಲಿ ಹೆಚ್ಚುಕಡಿಮೆ ಒಂದೊಂದು ಅಮೈನೋ ಆಮ್ಲಕ್ಕೂ ಒಂದೊಂದು ಚುಕ್ಕೆ ಮೂಡುತ್ತದೆ (ಪ್ರೋಲಿನ್‌ಗೆ ಮಾತ್ರ ಇಲ್ಲ). ಔಷಧದ ಅಣು ಬೆರೆಸಿ ಮತ್ತೆ ನೋಡಿ. ಯಾವ ಚುಕ್ಕೆ ಜರುಗಿತೋ ಆ ಜಾಗಕ್ಕೆ ಅದರ ಪ್ರಭಾವ ತಟ್ಟಿದೆ ಅಂತ ಅರ್ಥ. ಇಷ್ಟು ನೇರವಾಗಿ ತೋರಿಸುವ ವಿಧಾನ ನನಗಂತೂ ಬೇರೆ ಕಂಡಿಲ್ಲ.

ಅದೇ ಪ್ರೋಟೀನ್ ಒಂದಕ್ಕೊಂದು ಅಂಟಿ ನಾರಾದರೆ? ನಾರು ತೀರಾ ದೊಡ್ಡದು, ಹಾಗಾಗಿ ಮೇಲೆ ಹೇಳಿದ ದ್ರಾವಣದ ಎನ್‌ಎಂಆರ್‌ನಲ್ಲಿ ಅದರ ಚುಕ್ಕೆಗಳು ಹೆಚ್ಚಿನವು ಮಾಯ. ಗಟ್ಟಿ ಮಾದರಿಗಳನ್ನು ನೋಡುವ ಘನಸ್ಥಿತಿ ಎನ್‌ಎಂಆರ್ ಇದೆ, 2016ರಲ್ಲಿ ಈ ನಾರಿನ ರಚನೆ ಕೊಟ್ಟಿದ್ದೂ ಅದೇ. ಆದರೆ ಅದಕ್ಕೂ ಐಸೊಟೋಪ್ ಬೇಕು, ರೋಗಿಯ ಮಿದುಳಿನಿಂದ ತೆಗೆದ ನಾರಿಗೆ ಅದನ್ನು ಸೇರಿಸಲು ಆಗುವುದಿಲ್ಲ ಅಲ್ವಾ? ಅಲ್ಲಿ ಯೋಚನೆ ಬೇಡ, ಕ್ರಯೋ-ಇಎಂಗೇ ಹೋಗಿ.

ಖರ್ಚು ಎರಡಕ್ಕೂ ಜಾಸ್ತಿ. ಬೆಂಗಳೂರಿನಲ್ಲಿದ್ದರೆ ಐಐಎಸ್‌ಸಿಯ ಎನ್‌ಎಂಆರ್ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.