ಒಂದೇ ಪುಟದಲ್ಲಿದ್ದ ಮಾತ್ರಕ್ಕೆ ಒಂದೇ ಟಿಕೆಟ್ ಅಲ್ಲ: ಸೋಗಾನೆಯಲ್ಲಿ ಕೈ ಸುಟ್ಟುಕೊಂಡ ಕಥೆ

ದಾವಣಗೆರೆಯಿಂದ ಶಿವಮೊಗ್ಗ ಏರ್‌ಪೋರ್ಟಿಗೆ ಹೋಗಿ, ಹೈದರಾಬಾದಿನಲ್ಲಿ ವಿಮಾನ ಬದಲಿಸಿ ಉತ್ತರದ ಕಡೆ ಹೋಗುವ ಯೋಚನೆ ನಿಮಗಿದ್ದರೆ ಟಿಕೆಟ್ ಮಾಡಿಸುವ ಮುಂಚೆ ಇದನ್ನು ಓದಿ. ಹೋದ ಮಳೆಗಾಲದಲ್ಲಿ ನಾವು ಮೂರು ಜನ ಹಾಗೆ ಹೊರಟು, ವಿಮಾನವನ್ನೇ ಹತ್ತದೆ ಹದಿನೈದು ಸಾವಿರಕ್ಕೂ ಹೆಚ್ಚು ಕಳೆದುಕೊಂಡು ಬಂದೆವು.

ಕಂಪನಿಯ ಹೆಸರು, ಏಜೆಂಟ್ ಹೆಸರು ಬರೆಯುವುದಿಲ್ಲ. ಬರೆದರೆ ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದರೆ ಸಾಕು ಅಂತ ನಿಮಗೆ ಅನ್ನಿಸಿಬಿಡುತ್ತದೆ. ಇದು ಯಾರ ಹತ್ತಿರ ಹೋದರೂ ಆಗುವಂಥದ್ದು.

ಅಪ್ಪನಿಗೆ ಎಪ್ಪತ್ತೆರಡು. ಕಾಶಿ ನೋಡಬೇಕು ಅಂತ ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ದರು. ಅವ್ವನಿಗೆ ಮೊಣಕಾಲು ನೋವು, ಎರಡು ರಾತ್ರಿ ರೈಲಿನಲ್ಲಿ ಕೂರುವುದು ಆಗದ ಮಾತು. ನಮ್ಮೂರಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಬೆಂಗಳೂರಿನ ನಿಲ್ದಾಣಕ್ಕೆ ಹೋಗಬೇಕೆಂದರೆ ಇನ್ನೂರೈವತ್ತು ಕಿಲೋಮೀಟರ್ ಮೇಲೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ನಿಲ್ದಾಣ ಉದ್ಘಾಟನೆ ಆಯಿತು, ಅದೇ ಆಗಸ್ಟ್ 31ರಿಂದ ವಿಮಾನ ಹಾರಾಟ ಶುರುವಾಯಿತು. ಹರಿಹರ, ಹೊನ್ನಾಳಿ ದಾಟಿದರೆ ಬಂದೇಬಿಟ್ಟಿತು ಅನ್ನುವಷ್ಟು ಹತ್ತಿರ. ನಮಗೂ ಖುಷಿ.

ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಏಜೆಂಟ್ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಶಿವಮೊಗ್ಗ, ಹೈದರಾಬಾದ್, ವಾರಾಣಸಿ. ಒಂದೇ ಪುಟ, ಒಂದೇ ಮೊತ್ತ. "ಸರ್, ಹೈದರಾಬಾದಲ್ಲಿ ಮೂರು ಗಂಟೆ ಗ್ಯಾಪ್ ಐತೆ. ಆರಾಮಾಗಿ ಊಟ ಮಾಡ್ಕೊಂಡು ಹತ್ತಬಹುದು" ಅಂದ. ಶಿವಮೊಗ್ಗದಿಂದ ಹೈದರಾಬಾದಿಗೆ ತಲೆಗೆ 3,400, ಅಲ್ಲಿಂದ ಮುಂದಕ್ಕೆ 5,800. ದುಡ್ಡು ಕೊಟ್ಟೆ, ಪ್ರಿಂಟ್ ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ಮೇಲೆ ದೊಡ್ಡದಾಗಿ ಏಜೆಂಟನ ಅಂಗಡಿ ಹೆಸರು. ಕೆಳಗೆ ಎಡಗಡೆ ಆರು ಅಕ್ಷರಗಳ ಒಂದು ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್. ನಾಲ್ಕು ಬೆರಳು ಕೆಳಗೆ ಆರು ಅಕ್ಷರಗಳ ಇನ್ನೊಂದು. ಮಧ್ಯದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಅಂತ. ಅದನ್ನು ನಾನು ಓದಲೇ ಇಲ್ಲ. ಓದಿದ್ದರೂ ಅರ್ಥ ಆಗುತ್ತಿರಲಿಲ್ಲ ಬಿಡಿ. ನಾವು ಕೊಂಡಿದ್ದು ಒಂದು ಪ್ರಯಾಣ ಅಲ್ಲ, ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ಕಂಪನಿಗಳ ಎರಡು ಟಿಕೆಟ್ ಅಂತ ಅದರ ಅರ್ಥ.

ಹೊರಟ ದಿನ ಬೆಳಗಿನ ಜಾವ ಐದಕ್ಕೇ ಕಾರು. ಹೊನ್ನಾಳಿ ಸೇತುವೆ ಮೇಲೆ ಜಿಟಿಜಿಟಿ ಮಳೆ, ಕೆಳಗೆ ತುಂಗಭದ್ರೆ ಕೆಂಪಗೆ ಹರಿಯುತ್ತಿತ್ತು. ಎಂಟು ಗಂಟೆಗೆ ಸೋಗಾನೆ. ಕಮಲದ ಆಕಾರದ ಕಟ್ಟಡ, ನೋಡಲು ಚೆಂದ. ಅವ್ವನ ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಖಾರ ಮಂಡಕ್ಕಿ. ಹದಿನೈದು ಕೆಜಿ ಮೀರಬಾರದು ಅಂತ ಮನೆಯಲ್ಲೇ ತೂಕ ಮಾಡಿ ತಂದಿದ್ದೆವು.

ನಮ್ಮ ವಿಮಾನ ಹತ್ತೂವರೆಗೆ. ಹೈದರಾಬಾದಿನಿಂದ ಬರುವ ವಿಮಾನವೇ ಇಲ್ಲಿ ಜನ ಇಳಿಸಿ, ನಮ್ಮನ್ನು ಹತ್ತಿಸಿಕೊಂಡು ವಾಪಸ್ ಹೋಗಬೇಕು. ಹತ್ತು ಗಂಟೆ ಸುಮಾರಿಗೆ ಮೇಲೆ ಸದ್ದು ಕೇಳಿತು. "ಬಂತು ನೋಡು" ಅಂತ ಅಪ್ಪ ಎದ್ದು ನಿಂತರು. ಕಿಟಕಿಯಾಚೆ ಬರೀ ಬಿಳಿ ಮೋಡ. ಸದ್ದು ದೂರ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂತು, ಮತ್ತೆ ಹೋಯಿತು. ಅವ್ವ ಮೇಲೆ ನೋಡುತ್ತಾ "ಅಲ್ಲೇ ಐತಲ್ಲೋ, ಇಳಿಯಾಕೆ ಏನ್ ಕಷ್ಟ ಅದಕ್ಕೆ?" ಅಂದರು. ಮೂರನೇ ಸಲ ಸದ್ದು ಬರಲಿಲ್ಲ. ಹನ್ನೊಂದು ಕಾಲಿಗೆ ಹೇಳಿದರು, ವಿಮಾನ ಹೈದರಾಬಾದಿಗೆ ವಾಪಸ್ ಹೋಗಿದೆ, ಇವತ್ತಿನ ಹಾರಾಟ ರದ್ದು. ನಾವು ಹೋಗಬೇಕಿದ್ದ ಊರಿಗೇ ಅದು ಹೋಯಿತು, ನಮ್ಮನ್ನು ಬಿಟ್ಟು.

ಇದರಲ್ಲಿ ಪೈಲಟ್ ತಪ್ಪಿಲ್ಲ. ಸೋಗಾನೆಯ ರನ್‌ವೇ ಮೂರು ಕಿಲೋಮೀಟರ್ ದಾಟುತ್ತದೆ, ದೊಡ್ಡ ಏರ್‌ಬಸ್ ಇಳಿಯುವಷ್ಟು ಉದ್ದ. ಆದರೆ ಉದ್ದ ಇದ್ದರೆ ಸಾಲದು. ದೆಹಲಿ, ಬೆಂಗಳೂರಿನಂಥ ಕಡೆ ದಟ್ಟ ಮಂಜಿನಲ್ಲೂ ವಿಮಾನವನ್ನು ರನ್‌ವೇ ತನಕ ತಂದು ಬಿಡುವ ಉಪಕರಣ ಇದೆ. ಚಿಕ್ಕ ನಿಲ್ದಾಣಗಳಲ್ಲಿ ಪೈಲಟ್ ಕಣ್ಣಿಗೆ ದೂರದಿಂದಲೇ ರನ್‌ವೇ ಕಾಣಬೇಕು. ಕಾಣದಿದ್ದರೆ ಇಳಿಯುವಂತಿಲ್ಲ, ಅಷ್ಟೇ. ಮಲೆನಾಡಿನ ಬಾಗಿಲಲ್ಲಿ ಮಳೆಗಾಲದ ಬೆಳಗಿನ ವಿಮಾನ ಅಂದರೆ ಮೋಡದ ಜೊತೆ ಜೂಜು.

ಮಜಾ ಶುರುವಾಗಿದ್ದು ಆಮೇಲೆ. ಕೌಂಟರ್ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. "ಸರ್, ನಿಮ್ಮ ಮೊಬೈಲಿಗೆ ಲಿಂಕ್ ಬಂದಿರುತ್ತೆ. ನಾಳೆ ವಿಮಾನ ಬೇಕೋ, ದುಡ್ಡು ವಾಪಸ್ ಬೇಕೋ, ಅದರಲ್ಲೇ ಆರಿಸಿ." ನನ್ನ ಮೊಬೈಲಿಗೆ ಏನೂ ಬಂದಿರಲಿಲ್ಲ. ಬುಕಿಂಗಿನಲ್ಲಿರುವ ನಂಬರಿನ ಕೊನೆಯ ನಾಲ್ಕು ಅಂಕಿ ಓದಿ ಹೇಳಿದಳು. ನನ್ನದಲ್ಲ. ಏಜೆಂಟ್ ತನ್ನದೇ ನಂಬರ್, ತನ್ನದೇ ಇಮೇಲ್ ಹಾಕಿದ್ದ. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹನ್ನೆರಡೂವರೆಗೆ ಎತ್ತಿ, "ಹೌದಣ್ಣಾ, ಮೆಸೇಜ್ ಬಂದಿತ್ತು, ನಾನು ರಿಫಂಡ್ ಒತ್ತಿಬಿಟ್ಟೆ, ನಿಮಗೆ ಒಳ್ಳೇದಾಗ್ಲಿ ಅಂತ" ಅಂದ. ಅಷ್ಟರಲ್ಲಿ ನಮ್ಮ ಜೊತೆ ಕೂತಿದ್ದ ಬೇರೆಯವರು ನಾಳೆಯ ಸೀಟು ಹಿಡಿದಾಗಿತ್ತು. ನಾಳೆಯದು ಭರ್ತಿ, ನಾಡಿದ್ದಿನದೂ ಭರ್ತಿ.

ಚಿಕ್ಕ ನಿಲ್ದಾಣದಲ್ಲಿ ಒಂದು ವಿಮಾನ ತಪ್ಪಿದರೆ ಯಾಕೆ ಇಷ್ಟು ಒದ್ದಾಟ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಇಂಥ ಊರುಗಳಿಗೆ ಬರುವುದು ಚಿಕ್ಕ ವಿಮಾನ. ಇಂಡಿಗೋದ ಎಟಿಆರ್ 72ರಲ್ಲಿ 78 ಸೀಟು, ಅದು ಪಂಖ ತಿರುಗುವ ವಿಮಾನ. ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿ 76, ಅವರ ಹಳೆಯ ಮಾದರಿಯಲ್ಲಿ 50. ಅದೇ ದೊಡ್ಡ ಊರುಗಳ ನಡುವೆ ಓಡುವ ಏರ್‌ಬಸ್ 320 ಆದರೆ 180, 186. ಒಂದೇ ವಿಮಾನ ಬೆಳಗಿನಿಂದ ರಾತ್ರಿ ತನಕ ನಾಲ್ಕೈದು ಊರು ಸುತ್ತುತ್ತದೆ, ನಮ್ಮ ಖಾಸಗಿ ಬಸ್ಸಿನವರ ಟ್ರಿಪ್ ಥರ. ಬೆಳಗ್ಗೆ ಒಂದು ಕಡೆ ಸಿಕ್ಕಿಕೊಂಡರೆ ಸಂಜೆಯ ಊರಿನವರಿಗೂ ಅದರ ಬಿಸಿ ತಟ್ಟುತ್ತದೆ. ಇಂಡಿಗೋ ಹತ್ತಿರ ಒಟ್ಟು ನಾನೂರಕ್ಕೂ ಹೆಚ್ಚು ವಿಮಾನ ಇವೆ ನಿಜ, ಆದರೆ ಅದರಲ್ಲಿ ಬಹುಪಾಲು ಏರ್‌ಬಸ್. ಬೆಂಗಳೂರಿನಿಂದ ಹೈದರಾಬಾದಿಗಾದರೆ ಒಂದು ಹೋದರೆ ಇನ್ನೊಂದು ಇದ್ದೇ ಇರುತ್ತದೆ. ಇಲ್ಲಿ ಹಾಗಲ್ಲ.

ಈಗ ಎರಡನೇ ಟಿಕೆಟ್. ಅದು ಮಧ್ಯಾಹ್ನ ಎರಡೂವರೆಯದು, ಬೇರೆ ಕಂಪನಿ. ಫೋನ್ ಮಾಡಿ "ನಮ್ಮ ಮೊದಲ ವಿಮಾನವೇ ರದ್ದಾಯಿತು" ಅಂದೆ. ಆ ಕಡೆಯವರು "ಸರ್, ನಮ್ಮ ವಿಮಾನ ಸರಿಯಾದ ಸಮಯಕ್ಕೇ ಹೊರಡುತ್ತಿದೆ" ಅಂದರು. ಅವರ ಮಾತೂ ಸರಿಯೇ! ನಾವು ಶಿವಮೊಗ್ಗದಿಂದ ಬರುತ್ತಿದ್ದೇವೋ, ಸಿಕಂದರಾಬಾದಿನಿಂದ ಆಟೋದಲ್ಲಿ ಬರುತ್ತಿದ್ದೇವೋ, ಅವರ ದಾಖಲೆಯಲ್ಲಿ ಇಲ್ಲ. ಆ ಹೊತ್ತಿಗೆ ರದ್ದು ಮಾಡುವ ಗಡುವು ಮುಗಿದಿತ್ತು. ನಾನು ಕೌಂಟರಿನಲ್ಲಿ ಜಗಳ ಆಡುತ್ತಾ, ಏಜೆಂಟಿಗೆ ಫೋನ್ ಮಾಡುತ್ತಾ ಹೊತ್ತು ಕಳೆದಿದ್ದೆ. ಹನ್ನೊಂದು ಕಾಲಿಗೇ ಆ ಟಿಕೆಟ್ ರದ್ದು ಮಾಡಿದ್ದರೆ ಏನೋ ಒಂದಿಷ್ಟು ಬರುತ್ತಿತ್ತು. ಎರಡೂವರೆ ದಾಟಿದ ಮೇಲೆ ನಾವು 'ನೋ ಶೋ'. ಅಂದರೆ ಟಿಕೆಟ್ ಇದ್ದೂ ಬಾರದವರು.

ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಜವಾಬ್ದಾರಿ ಕಂಪನಿಯದು. ಬ್ಯಾಗ್ ಕೂಡ ಸೋಗಾನೆಯಲ್ಲಿ ಕೊಟ್ಟರೆ ಕಾಶಿಯಲ್ಲಿ ಸಿಗುತ್ತಿತ್ತು. ಎರಡು ಪಿಎನ್‌ಆರ್ ಅಂದರೆ ಹೈದರಾಬಾದಿನಲ್ಲಿ ಬ್ಯಾಗ್ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಚೆಕ್-ಇನ್, ಮತ್ತೆ ಸೆಕ್ಯುರಿಟಿ. ಚೆಕ್-ಇನ್ ಕೌಂಟರ್ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ. ಏಜೆಂಟ್ ಹೇಳಿದ ಮೂರು ಗಂಟೆಯಲ್ಲಿ ಊಟ ಇರಲಿ, ಮೊಣಕಾಲು ನೋವಿನ ಅವ್ವನನ್ನು ಕರೆದುಕೊಂಡು ಓಡುವುದಕ್ಕೇ ಸರಿಯಾಗುತ್ತಿತ್ತು.

ಗುರುತು ಹಿಡಿಯುವುದು ಸುಲಭ. ವಿಮಾನದ ನಂಬರಿನ ಮುಂದೆ ಎರಡು ಅಕ್ಷರ ಇರುತ್ತದೆ. ಇಂಡಿಗೋಗೆ 6ಇ, ಏರ್ ಇಂಡಿಯಾಕ್ಕೆ ಎಐ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಐಎಕ್ಸ್, ಆಕಾಶ ಏರ್‌ಗೆ ಕ್ಯೂಪಿ, ಸ್ಟಾರ್ ಏರ್‌ಗೆ ಎಸ್5. ಮೊದಲ ವಿಮಾನಕ್ಕೂ ಎರಡನೆಯದಕ್ಕೂ ಈ ಎರಡು ಅಕ್ಷರ ಬೇರೆ ಇದ್ದರೆ ಅಲ್ಲೇ ನಿಲ್ಲಿ, ಪಿಎನ್‌ಆರ್ ಒಂದೋ ಎರಡೋ ಅಂತ ಕೇಳಿ. ಕೆಲವು ಕಂಪನಿಗಳ ನಡುವೆ ಒಪ್ಪಂದ ಇದ್ದು ಒಂದೇ ಪಿಎನ್‌ಆರ್ ಕೊಡುವುದೂ ಉಂಟು, ಅದು ಪರವಾಗಿಲ್ಲ. ಇನ್ನೊಂದು ಮಾತು. ನಮ್ಮ ಏಜೆಂಟ್ ಒಂದು ಸಲ 'ಸ್ಟಾರ್ ಅಲಯನ್ಸ್ ಐತೆ ಸರ್, ಎಲ್ಲ ಕನೆಕ್ಟ್ ಆಗ್ತದೆ' ಅಂದಿದ್ದ. ಅದು ಏರ್ ಇಂಡಿಯಾ 2014ರಲ್ಲಿ ಸೇರಿಕೊಂಡ ಅಂತರರಾಷ್ಟ್ರೀಯ ಕೂಟ. 2019ರಲ್ಲಿ ಹಾರಾಟ ಶುರುಮಾಡಿದ ನಮ್ಮ ಸ್ಟಾರ್ ಏರ್‌ಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ.

ಅವತ್ತು ರಾತ್ರಿ ಮನೆಗೆ ಬಂದ ಮೇಲೆ ಇನ್ನೊಂದು ಗುಂಡಿಗೆ ಬೀಳುವುದರಲ್ಲಿದ್ದೆ. ಸಿಟ್ಟಿನಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದೆ. ಮೇಲೇ ಸಿಕ್ಕ ಹತ್ತಂಕಿಯ ಮೊಬೈಲ್ ನಂಬರಿಗೆ ಫೋನ್ ಮಾಡಿದೆ. ಆಸಾಮಿ ಎಷ್ಟು ನಯ ಅಂತೀರಿ! "ಪೂರ್ತಿ ರಿಫಂಡ್ ಆಗುತ್ತೆ ಸರ್, ಒಂದು ಆಪ್ ಹಾಕ್ಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಬೇಕು, ಆಮೇಲೆ ಹತ್ತು ರೂಪಾಯಿ ಕಳಿಸಿ" ಅಂದ. ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದವಳು ಹಾಗೇ ಫೋನ್ ಕಿತ್ತುಕೊಂಡಳು. ನಂಬರ್ ಬೇಕಾದರೆ ಕಂಪನಿಯ ಸ್ವಂತ ಆಪ್ ಅಥವಾ ವೆಬ್‌ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ದುಡ್ಡು ಹೋಗೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ನಿಯಮ ಓದಿದೆ. ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಪ್ರಕಾರ ಕಂಪನಿ ತನ್ನ ತಪ್ಪಿನಿಂದ ಕೊನೇ ಗಳಿಗೆಯಲ್ಲಿ ವಿಮಾನ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿಕೊಂಡು 5,000ದಿಂದ 10,000 ರೂಪಾಯಿ, ಇಲ್ಲವೇ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರ ಉಂಟು. ಮೋಡ, ಮಂಜು, ಮಳೆ ಕಾರಣವಾದರೆ ಪರಿಹಾರ ಇಲ್ಲ. ಆದರೆ ಆಗಲೂ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು, ಎರಡರಲ್ಲಿ ಒಂದನ್ನು ಕೊಡಲೇಬೇಕು. ಆಯ್ಕೆ ಪ್ರಯಾಣಿಕರದು, ಏಜೆಂಟನದಲ್ಲ.

ನನಗೆ ಕೆಲಸಕ್ಕೆ ಬಂದ ನಿಯಮ ಇನ್ನೊಂದು. ನೋ ಶೋ ಆದರೂ, ರಿಫಂಡ್ ಇಲ್ಲ ಅಂತ ಬರೆದ ಟಿಕೆಟ್ ಆದರೂ, ಅದರಲ್ಲಿ ಸೇರಿರುವ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕು. ವಿಮಾನ ಹತ್ತದವನು ನಿಲ್ದಾಣಕ್ಕೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ತಾವಾಗಿ ಕೊಡಲಿಲ್ಲ, ಎರಡು ಸಲ ಬರೆದ ಮೇಲೆ ಮೂವರದ್ದು ಸೇರಿ 2,900 ಬಂತು. ಕೊಡದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಬಹುದು.

ಕಾಶಿಗೆ ಹೋದೆವು. ಹದಿನೈದು ದಿನ ಬಿಟ್ಟು ಬೆಂಗಳೂರಿನಿಂದ ನೇರ ವಿಮಾನ, ತಲೆಗೆ 7,900. ಈ ಸಲ ಕಂಪನಿಯ ಸ್ವಂತ ಆಪ್‌ನಲ್ಲಿ ನಾನೇ ಮಾಡಿದೆ, ನನ್ನದೇ ನಂಬರ್ ಹಾಕಿದೆ. ಅಲ್ಲೂ ಒಂದು ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್. 2023ರ ಸೆಪ್ಟೆಂಬರ್‌ನಿಂದ ವಿದೇಶಕ್ಕೆ ಹೋಗುವವು ಟರ್ಮಿನಲ್ 2ರಲ್ಲಿ, ದೇಶದೊಳಗಿನವು ಕಂಪನಿ ನೋಡಿಕೊಂಡು ಒಂದರಲ್ಲೋ ಎರಡರಲ್ಲೋ. ನಮ್ಮ ಡ್ರೈವರ್ ಸೀದಾ ತಪ್ಪು ಟರ್ಮಿನಲ್ ಮುಂದೆ ನಿಲ್ಲಿಸಿದ್ದ.

ಸೋಗಾನೆ ಬೇಡ ಅಂತ ನಾನು ಹೇಳುತ್ತಿಲ್ಲ. ಜನವರಿಯಲ್ಲಿ ತಂಗಿ ಮನೆಯವರು ಅಲ್ಲಿಂದಲೇ ಹೈದರಾಬಾದಿಗೆ ಹೋಗಿ ಬಂದರು, ಏನೂ ತೊಂದರೆ ಆಗಲಿಲ್ಲ. ಅವರಿಗೆ ಮುಂದೆ ಇನ್ನೊಂದು ವಿಮಾನ ಹಿಡಿಯುವುದು ಇರಲಿಲ್ಲ.

ರದ್ದಾದ ಮೊದಲ ಟಿಕೆಟಿನ ದುಡ್ಡು ಕಂಪನಿಯಿಂದ ಏಜೆಂಟನ ಖಾತೆಗೆ ಹೋಯಿತು. 10,200 ಬರಬೇಕಿತ್ತು, ಅವನು ಕೊಟ್ಟಿದ್ದು 9,000. ಉಳಿದದ್ದು ಸರ್ವೀಸ್ ಚಾರ್ಜ್ ಅಂತೆ. ರಸೀದಿ ಕೇಳಿದ್ದೇನೆ. 'ಸೋಮವಾರ ಕೊಡ್ತೀನಿ ಅಣ್ಣಾ' ಅಂದಿದ್ದಾನೆ. ಯಾವ ಸೋಮವಾರ ಅಂತ ಹೇಳಿಲ್ಲ.